ಕಾರಿಗೂ ಒಂದು ಜಾತಕ

ಕಳೆದ ವರ್ಷ ದೀಪಾವಳಿ ಕಳೆದ ವಾರ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಫೋನ್ ಬಂತು. "ಸಾರ್, ನಮಸ್ಕಾರ. ನೆನಪಿದೆಯಾ? ಕೊನೇ ಬೆಂಚಿನಲ್ಲಿ ಕೂತು ಕಾರಿನ ಚಿತ್ರ ಬರೀತಿದ್ದೆನಲ್ಲ, ಅವನು ಸಾರ್."

ನೆನಪಿಲ್ಲದೆ ಏನು! ಬಲ, ವೇಗೋತ್ಕರ್ಷಗಳ ಪಾಠ ನಡೆಯುವಾಗ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಕಾರು ಬಿಡಿಸುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅಂತರ್ಜಾಲದ ಜಾಹೀರಾತೊಂದರಲ್ಲಿ ಅವನ ಕನಸಿನ ಕಾರು ಸಿಕ್ಕಿತ್ತು. ಜರ್ಮನಿಯ ಸ್ಪೋರ್ಟ್ಸ್ ಕಾರು, ಎರಡೇ ಬಾಗಿಲು, ಕೆಂಪು ಬಣ್ಣ, 2014ರ ಮಾದರಿ, ದೆಹಲಿಯ ನೋಂದಣಿ. "ಒಬ್ಬರೇ ಮಾಲೀಕರು, ಓಡಿರುವುದು ಬರೀ 28,000 ಕಿ.ಮೀ., ಒಂದು ಗೀರೂ ಇಲ್ಲ" ಎಂದು ಬರೆದಿದ್ದರು. ಬೆಲೆ 16 ಲಕ್ಷ ರೂ. ಹತ್ತು ಲಕ್ಷ ಅವನ ಉಳಿತಾಯ ಮತ್ತು ಸಾಲ. ಉಳಿದ ಆರು ಲಕ್ಷ ಅಂಚೆ ಇಲಾಖೆಯಿಂದ ನಿವೃತ್ತರಾದ ಅವನ ತಂದೆಯದು.

"ಅಪ್ಪ ನಿಮ್ಮನ್ನ ಒಂದು ಮಾತು ಕೇಳು ಅಂದ್ರು ಸಾರ್. ನೀವು ಹೂಂ ಅಂದ್ರೆ ನಾಳೆನೇ ಹಣ ಹಾಕ್ತಾರಂತೆ. ಟೋಕನ್ ಅಂತ 25,000 ಆಗಲೇ ಕಳಿಸಿದ್ದೀನಿ."

ನಾನು ಓಡಿಸುವುದು ಸ್ಕೂಟರ್. ಸ್ಪೋರ್ಟ್ಸ್ ಕಾರಿನೊಳಗೆ ಇದುವರೆಗೂ ಕೂತವನಲ್ಲ. ಆದರೆ ನನ್ನ ಒಂದು 'ಹೂಂ' ಮೇಲೆ ಒಬ್ಬರ ನಿವೃತ್ತಿಯ ಹಣ ನಿಂತಿತ್ತು. "ಹೂಂ ಅನ್ನೋದಕ್ಕೆ ಎರಡು ವಾರ ಬೇಕಪ್ಪ" ಅಂದೆ. "ಅಯ್ಯೋ ಸಾರ್, ಬೇರೆ ಪಾರ್ಟಿ ಕಾಯ್ತಿದೆಯಂತೆ" ಅಂದ. "ಕಾಯಲಿ ಬಿಡು, ಒಳ್ಳೆಯದೇ ಆಯಿತು" ಎಂದು ಹೇಳಿ ಫೋನ್ ಇಟ್ಟೆ.

ಗಂಡು-ಹೆಣ್ಣಿನ ಜಾತಕದಲ್ಲಿ ನನಗೆ ನಂಬಿಕೆ ಇಲ್ಲ. ಆದರೆ ಹಳೆಯ ಕಾರಿನ ಜಾತಕವನ್ನು ನೋಡದೆ ಹಣ ಕೊಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಗ್ರಹಗಳ ಜಾತಕಕ್ಕೆ ಸಾಕ್ಷಿ ಇಲ್ಲ, ಕಾರಿನ ಜಾತಕಕ್ಕೆ ಹತ್ತಾರು ಸಾಕ್ಷಿಗಳಿವೆ. ಮಜಾ ಏನೆಂದರೆ, ಆ ಸಾಕ್ಷಿಗಳಿಗೆ ಪರಸ್ಪರ ಪರಿಚಯವೇ ಇರುವುದಿಲ್ಲ. ಸಾರಿಗೆ ಕಚೇರಿಯ ದಾಖಲೆಗೆ ಟೈರಿನ ಮೇಲಿನ ಅಂಕಿ ಗೊತ್ತಿಲ್ಲ. ವಿಮೆಯ ಚೀಟಿಗೆ ಎಂಜಿನ್ನಿನ ಗಣಕ ಏನು ಬರೆದುಕೊಂಡಿದೆ ಎಂದು ಗೊತ್ತಿಲ್ಲ. ಮಾರುವವನು ಒಂದನ್ನು ತಿದ್ದಬಹುದು, ಎರಡನ್ನು ತಿದ್ದಬಹುದು. ಎಲ್ಲವನ್ನೂ ಒಂದಕ್ಕೊಂದು ತಾಳೆಯಾಗುವಂತೆ ತಿದ್ದುವುದು ಬಹಳ ಕಷ್ಟ. ಪ್ರಯೋಗಶಾಲೆಯಲ್ಲಿ ನಾವು ಒಂದೇ ಅಳತೆಯನ್ನು ಬೇರೆ ಬೇರೆ ವಿಧಾನದಿಂದ ತೆಗೆದು ಹೋಲಿಸುವುದಿಲ್ಲವೇ? ಇದೂ ಅಷ್ಟೇ.

ತಿಳಿದವನು ಮತ್ತು ತಿಳಿಯದವನು

ಹಳೆಯ ಕಾರಿನ ವ್ಯಾಪಾರದ ಬಗ್ಗೆ 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಒಂದು ಪ್ರಬಂಧ ಬರೆದರು. ಹೊರಗೆ ಚೆನ್ನಾಗಿ ಕಂಡು ಒಳಗೆ ಕೆಟ್ಟಿರುವ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ 'ಲೆಮನ್', ಅಂದರೆ ನಿಂಬೆಹಣ್ಣು ಎನ್ನುತ್ತಾರೆ. ಕಾರು ನಿಂಬೆಹಣ್ಣೋ ಅಲ್ಲವೋ ಎನ್ನುವುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರುಗಳಿಗೂ ಒಂದು ಸರಾಸರಿ ಬೆಲೆಯನ್ನಷ್ಟೇ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಹಿಂದೆ ಸರಿಯುತ್ತಾನೆ. ಕೊನೆಗೆ ಪೇಟೆಯಲ್ಲಿ ಕೆಟ್ಟ ಕಾರುಗಳೇ ಹೆಚ್ಚಾಗುತ್ತವೆ. ಈ ಒಂದು ಸರಳ ವಿಚಾರದಿಂದ ಆರಂಭವಾದ ಕೆಲಸಕ್ಕಾಗಿ ಅಕರ್ಲಾಫರಿಗೆ 2001ರಲ್ಲಿ ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಇದಕ್ಕೆ ಮದ್ದು ಒಂದೇ. ಮಾರುವವನಿಗೆ ಗೊತ್ತಿರುವುದನ್ನು ಕೊಳ್ಳುವವನೂ ತಿಳಿದುಕೊಳ್ಳಬೇಕು. ಅಮೆರಿಕದಲ್ಲಿ 1984ರಲ್ಲಿ ಶುರುವಾದ ಕಾರ್‌ಫ್ಯಾಕ್ಸ್‌ನಂಥ ಸಂಸ್ಥೆಗಳು ಹಣ ಪಡೆದು ಕಾರಿನ ಇತಿಹಾಸದ ವರದಿ ಕೊಡುತ್ತವೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಕಡ್ಡಾಯ ತಪಾಸಣೆ ಇದೆ. ಪ್ರತಿ ತಪಾಸಣೆಯಲ್ಲೂ ಮೀಟರಿನ ಅಂಕಿ ಬರೆದುಕೊಳ್ಳುತ್ತಾರೆ. ಅದನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಓದಲೆಂದು ಆ ದೇಶಗಳಿಗೆ ಹೋಗಿರುವ ನಮ್ಮ ಮಕ್ಕಳು ಅಲ್ಲಿ ಹಳೆಯ ಕಾರು ಕೊಳ್ಳುವಾಗ ಇದನ್ನು ಮರೆಯಬಾರದು. ನಮ್ಮಲ್ಲಿ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ನಾಲ್ಕಾರು ಕಡೆ ಹುಡುಕಿ ನಾವೇ ಜೋಡಿಸಿಕೊಳ್ಳಬೇಕು.

ಹದಿನೇಳು ಅಕ್ಷರಗಳ ಹೆಸರು

ಹುಡುಗನಿಗೆ ಮೊದಲು ಹೇಳಿದ್ದು ಇಷ್ಟು: ಕಾರಿನ ನೋಂದಣಿ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಎರಡನ್ನೂ ತರಿಸಿಕೋ. ಜಾಹೀರಾತಿನ ಚಿತ್ರದಲ್ಲಿ ನಂಬರ್ ಪ್ಲೇಟನ್ನು ಅಳಿಸಿದ್ದರು. ಅದು ತಪ್ಪೇನಲ್ಲ, ಎಷ್ಟೋ ಜನ ಹಾಗೆ ಮಾಡುತ್ತಾರೆ. ಆದರೆ ಕೇಳಿದ ಮೇಲೂ ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಮಾತು ನಿಲ್ಲಿಸಬೇಕು.

ಚಾಸಿ ಸಂಖ್ಯೆ ಎಂದರೆ ಹದಿನೇಳು ಅಕ್ಷರ-ಅಂಕಿಗಳ ಒಂದು ಸಾಲು. ಜಗತ್ತಿನ ಬಹುತೇಕ ಕಾರುಗಳಿಗೆ ಇದೇ ಪದ್ಧತಿ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಎಂಬ ಮೂರು ಅಕ್ಷರಗಳು ಬರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಅವು ಗೊಂದಲ ಮಾಡುತ್ತವೆ ಎಂದು ಬಿಟ್ಟಿದ್ದಾರೆ. ಮೊದಲ ಮೂರು ಅಕ್ಷರ ತಯಾರಕರ ಗುರುತು. ಜರ್ಮನಿಯದು ಡಬ್ಲ್ಯೂ, ಜಪಾನಿನದು ಜೆ, ಇಟಲಿಯದು ಜೆಡ್ ಅಕ್ಷರದಿಂದ ಆರಂಭವಾಗುತ್ತದೆ. ನಮ್ಮ ದೇಶದಲ್ಲಿ ತಯಾರಾದ ಕಾರು ಸಾಮಾನ್ಯವಾಗಿ ಎಂ ಅಕ್ಷರದಿಂದ.

ಈ ಸಂಖ್ಯೆ ಕಾರಿನಲ್ಲಿ ಒಂದೇ ಕಡೆ ಇರುವುದಿಲ್ಲ. ಮೈಯ ಲೋಹದ ಮೇಲೆ ಕೊರೆದಿರುತ್ತಾರೆ, ತಯಾರಕರ ಫಲಕದ ಮೇಲೆ ಇರುತ್ತದೆ, ಹಲವು ಕಾರುಗಳಲ್ಲಿ ಮುಂದಿನ ಗಾಜಿನ ಬುಡದಲ್ಲೂ ಬಾಗಿಲಿನ ಕಂಬದ ಚೀಟಿಯಲ್ಲೂ ಕಾಣುತ್ತದೆ. ಎಂಜಿನ್ನಿನ ಗಣಕದೊಳಗೂ ಬರೆದಿರುತ್ತದೆ. ಎಲ್ಲ ಕಡೆಯೂ ಒಂದೇ ಇರಬೇಕು, ಆರ್.ಸಿ.ಯಲ್ಲಿರುವುದಕ್ಕೂ ತಾಳೆಯಾಗಬೇಕು. ಕೊರೆದ ಅಂಕಿಗಳ ಸುತ್ತ ಉಜ್ಜಿದ ಗುರುತು, ಬೆಸುಗೆಯ ಗೆರೆ, ಹೊಸ ಬಣ್ಣ ಕಂಡರೆ ಅದು ಕದ್ದ ಕಾರಾಗಿರಬಹುದು, ಇಲ್ಲವೇ ಎರಡು ಅಪಘಾತದ ಕಾರುಗಳನ್ನು ಸೇರಿಸಿ ಮಾಡಿದ ಒಂದು ಕಾರಾಗಿರಬಹುದು. ಕಳವಾದ ವಾಹನವೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಜಾಲತಾಣದಲ್ಲಿ ವ್ಯವಸ್ಥೆ ಇದೆ. ವಾಹನದ ವಿವರ ತುಂಬಿದರೆ ಪೊಲೀಸ್ ದಾಖಲೆಯಲ್ಲಿ ಅದರ ಮೇಲೆ ದೂರಿದೆಯೇ ಎಂದು ತಿಳಿಯುತ್ತದೆ. 2020ರಿಂದ ಸಾರ್ವಜನಿಕರಿಗೆ ಈ ಸೌಲಭ್ಯ ಸಿಕ್ಕಿದೆ.

ಸರ್ಕಾರದ ಪುಸ್ತಕದಲ್ಲಿ ಏನಿದೆ?

ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ನೋಂದಣಿಯ ದಿನಾಂಕ, ಇಂಧನ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ ಮುಂತಾದ ವಿವರ ಬರುತ್ತವೆ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮರೆಮಾಡಿರುತ್ತಾರೆ. ಆದರೂ ಮಾರುವವರ ಹೆಸರಿಗೆ ಹೊಂದುತ್ತದೆಯೇ ಎಂದು ತಿಳಿಯಲು ಅಷ್ಟು ಸಾಕು. ಬಾಕಿ ದಂಡಗಳನ್ನು ಇ-ಚಲನ್ ಜಾಲತಾಣದಲ್ಲಿ ನೋಡಬಹುದು.

ಹುಡುಗ ನೋಡಿದ. ಎರಡು ಸಂಗತಿ ಹೊರಬಂದವು. ಮೊದಲನೆಯದು, ಫೋನಿನಲ್ಲಿ ಮಾತಾಡುತ್ತಿದ್ದವರ ಹೆಸರಿಗೂ ಆರ್.ಸಿ.ಯ ಹೆಸರಿಗೂ ಸಂಬಂಧವಿರಲಿಲ್ಲ. ಕೇಳಿದ್ದಕ್ಕೆ "ನಾನು ಅವರಿಂದ ತಗೊಂಡಿದ್ದೀನಿ, ಫಾರಂಗಳಿಗೆಲ್ಲ ಸೈನ್ ಹಾಕಿಸಿ ಇಟ್ಟಿದ್ದೀನಿ" ಎಂಬ ಉತ್ತರ ಬಂತು. ಅಂದರೆ ಕಾಗದದಲ್ಲಿ ಒಬ್ಬರೇ ಮಾಲೀಕರು, ನಿಜದಲ್ಲಿ ಕನಿಷ್ಠ ಇಬ್ಬರು. ಎರಡನೆಯದು, ಸಾಲ ಕೊಟ್ಟ ಹಣಕಾಸು ಸಂಸ್ಥೆಯ ಹೆಸರು ದಾಖಲೆಯಲ್ಲಿ ಇನ್ನೂ ಹಾಗೆಯೇ ಇತ್ತು.

ಸಾಲ ತೀರಿದ ಮೇಲೆ ಸಾಲ ಕೊಟ್ಟವರ ಒಪ್ಪಿಗೆಯೊಂದಿಗೆ ಫಾರಂ 35 ಕೊಟ್ಟು ಆ ಹೆಸರನ್ನು ತೆಗೆಸಬೇಕು. ತೆಗೆಸಿಲ್ಲವೆಂದರೆ ಮರೆತಿರಬಹುದು, ಸಾಲವೇ ತೀರಿಲ್ಲದಿರಲೂಬಹುದು. ಎರಡನೆಯದಾದರೆ ನೀವು ಹಣ ಕೊಟ್ಟ ಮೇಲೂ ಆ ಸಂಸ್ಥೆ ಬಂದು ಕಾರನ್ನು ಎಳೆದುಕೊಂಡು ಹೋಗಬಹುದು.

ದೆಹಲಿಯ ಕಾರು ಇಷ್ಟು ಅಗ್ಗ ಏಕೆ ಎಂಬ ಪ್ರಶ್ನೆಯೂ ಇತ್ತು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿದ್ದನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಅಲ್ಲಿನ ಹಳೆಯ ಕಾರುಗಳ ಬೆಲೆ ಇಳಿಯಲು ಇದೂ ಒಂದು ಕಾರಣವಾಯಿತು. ಆದರೆ ಅಗ್ಗದ ಬೆಲೆಗೆ ಬಾಲವೊಂದಿದೆ. ಹೊರರಾಜ್ಯದ ಕಾರಿಗೆ ಮೂಲ ಕಚೇರಿಯಿಂದ ಫಾರಂ 28ರ ಮೂಲಕ ನಿರಾಕ್ಷೇಪಣಾ ಪತ್ರ ತರಬೇಕು. 12 ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. 20 ಲಕ್ಷ ರೂ. ಮೀರಿದ ಹೊಸ ಪೆಟ್ರೋಲ್ ಕಾರಿಗೆ ಈ ತೆರಿಗೆ ಶೇ. 18. ಹಳೆಯದಕ್ಕೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದಾದರೂ, ಹೊಸದರಲ್ಲಿ ಅರ್ಧ ಕೋಟಿಯ ಹತ್ತಿರ ಬೆಲೆ ಬಾಳುತ್ತಿದ್ದ ಕಾರಿಗೆ ಅದು ಲಕ್ಷಗಳಲ್ಲೇ ಇರುತ್ತದೆ. ಜಾಹೀರಾತಿನ 16 ಲಕ್ಷದಲ್ಲಿ ಇದು ಸೇರಿರಲಿಲ್ಲ.

ವಿಮೆಯ ಚೀಟಿ ಹೇಳಿದ ಗುಟ್ಟು

ವಿಮೆಯ ಪಾಲಿಸಿಯನ್ನು ಹೆಚ್ಚಿನವರು ಅವಧಿ ಇದೆಯೇ ಎಂದಷ್ಟೇ ನೋಡಿ ಮಡಚಿಡುತ್ತಾರೆ. ಅದರಲ್ಲಿ 'ನೋ ಕ್ಲೇಮ್ ಬೋನಸ್' ಎಂಬ ಸಾಲೊಂದಿದೆ. ಒಂದು ವರ್ಷ ಪರಿಹಾರ ಕೇಳದಿದ್ದರೆ ಮುಂದಿನ ವರ್ಷ, ಕಾರಿನ ಸ್ವಂತ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ. ಆಮೇಲೆ ವರ್ಷವರ್ಷಕ್ಕೆ 25, 35, 45, ಕೊನೆಗೆ 50. ನಡುವೆ ಒಮ್ಮೆ ಪರಿಹಾರ ಪಡೆದರೆ ಸಾಮಾನ್ಯವಾಗಿ ಮತ್ತೆ ಸೊನ್ನೆ.

ಹುಡುಗ ಕಳಿಸಿದ ಪಾಲಿಸಿಯಲ್ಲಿ ಆ ಸಾಲಿನ ಮುಂದೆ ಸೊನ್ನೆ ಇತ್ತು. ಹತ್ತು ವರ್ಷ ಒಬ್ಬರೇ ಮಾಲೀಕರು, ಒಂದು ಗೀರೂ ಬಿದ್ದಿಲ್ಲ ಎನ್ನುವ ಕಾರಿಗೆ ಸೊನ್ನೆ ಏಕೆ? ಪಾಲಿಸಿ ನಡುವೆ ನಿಂತುಹೋಗಿದ್ದರೂ ಹೀಗಾಗುತ್ತದೆ, ಪರಿಹಾರ ಪಡೆದಿದ್ದರೂ ಆಗುತ್ತದೆ. ಸೊನ್ನೆಯೇ ಅಪರಾಧವಲ್ಲ. ಆದರೆ ಹಿಂದಿನ ವರ್ಷಗಳ ಪಾಲಿಸಿಗಳನ್ನು ತೋರಿಸಿ, ಪರಿಹಾರದ ವಿವರವನ್ನು ವಿಮಾ ಕಂಪನಿಯಿಂದ ತರಿಸಿಕೊಡಿ ಎಂದು ಕೇಳಲು ಅದು ಕಾರಣ. ಇದಕ್ಕೆ ವಿರುದ್ಧವಾದ ಎಚ್ಚರಿಕೆಯೂ ಬೇಕು. ಈ ಬೋನಸ್ ಮಾಲೀಕನದು, ಕಾರಿನದಲ್ಲ. ಅವನು ತನ್ನ ಹಿಂದಿನ ಕಾರಿನಿಂದ ತಂದ ಶೇ. 50 ಕೂಡ ಅಲ್ಲಿರಬಹುದು. ಹಾಗಾಗಿ 50 ಕಂಡ ಕೂಡಲೇ ಹಿಗ್ಗಬಾರದು.

ಮೀಟರು ಮತ್ತು ಭಾಗಾಕಾರ

ಹಿಂದೆ ಮೀಟರಿನಲ್ಲಿ ಹಲ್ಲಿನ ಚಕ್ರಗಳಿದ್ದವು. ಬಿಚ್ಚಿ ಹಿಂದಕ್ಕೆ ತಿರುಗಿಸುತ್ತಿದ್ದರು. ಈಗ ಅಂಕಿ ಒಂದು ಪುಟ್ಟ ಚಿಪ್‌ನಲ್ಲಿ ಇರುತ್ತದೆ. ಡಿಜಿಟಲ್ ಆದ ಮೇಲೆ ಮೋಸ ನಿಂತಿತು ಎಂದು ಹಲವರ ಭಾವನೆ. ಬಿಚ್ಚುವ ಕಷ್ಟ ತಪ್ಪಿತು ಅಷ್ಟೇ, ಲ್ಯಾಪ್‌ಟಾಪ್ ಜೋಡಿಸಿ ಬದಲಿಸುವವರಿದ್ದಾರೆ. ಅಮೆರಿಕದಲ್ಲಿ ಮೀಟರ್ ತಿದ್ದುವುದನ್ನು ತಡೆಯಲು 1972ರಲ್ಲೇ ಕೇಂದ್ರ ಕಾನೂನು ಬಂದಿದೆ. ಆದರೂ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ವಾಹನಗಳು ಸುಳ್ಳು ಮೀಟರಿನೊಂದಿಗೆ ಮಾರಾಟವಾಗುತ್ತವೆ ಎಂಬುದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಅಂದಾಜು.

ಮೀಟರಿನ ಸುಳ್ಳನ್ನು ಹಿಡಿಯಲು ಬೇಕಾದ ಗಣಿತ ಎಂಟನೇ ತರಗತಿಯದು: ದೂರ ಎಂದರೆ ವೇಗವನ್ನು ಕಾಲದಿಂದ ಗುಣಿಸಿದ್ದು. ಹಲವು ಆಧುನಿಕ ಕಾರುಗಳ ಎಂಜಿನ್ ಗಣಕ, ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಬೇರೆಯಾಗಿ ಬರೆದಿಟ್ಟುಕೊಳ್ಳುತ್ತದೆ. ಸ್ಟಿಯರಿಂಗ್ ಕೆಳಗಿನ ಹದಿನಾರು ಪಿನ್ನಿನ ಕಿಂಡಿಗೆ ಯಂತ್ರವೊಂದನ್ನು ಜೋಡಿಸಿ ಮೆಕ್ಯಾನಿಕ್ ಅದನ್ನು ಓದಬಲ್ಲ. ಭಾನುವಾರ ಹುಡುಗ ಈ ಜಾತಿಯ ಕಾರುಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದ. ಗಣಕ ತೋರಿಸಿದ್ದು 3,100 ಗಂಟೆ.

ಲೆಕ್ಕ ಮಾಡಿ ನೋಡಿ. 28,000 ಕಿ.ಮೀ.ಯನ್ನು 3,100 ಗಂಟೆಯಿಂದ ಭಾಗಿಸಿದರೆ ಗಂಟೆಗೆ ಸುಮಾರು 9 ಕಿ.ಮೀ. ಹತ್ತು ವರ್ಷದುದ್ದಕ್ಕೂ ಆ ಸ್ಪೋರ್ಟ್ಸ್ ಕಾರು ನಮ್ಮ ಶಾಲೆಯ ಮಕ್ಕಳ ಸೈಕಲ್ಲಿಗಿಂತ ನಿಧಾನವಾಗಿ ಓಡಿತು ಎಂದಾಯಿತು! ಸರಾಸರಿ ವೇಗ ಗಂಟೆಗೆ 25 ಕಿ.ಮೀ. ಎಂದಿಟ್ಟುಕೊಂಡರೂ ದೂರ 77,500 ಕಿ.ಮೀ. ಆಗುತ್ತದೆ. ದಟ್ಟಣೆಯಲ್ಲಿ ನಿಂತ ಗಂಟೆಗಳನ್ನು ಎಷ್ಟು ಕಳೆದರೂ 28,000ಕ್ಕೆ ಇಳಿಯುವುದು ಕಷ್ಟ.

ಇದೊಂದೇ ಸಾಲದು, ಇನ್ನೊಂದು ಸಾಕ್ಷಿ ಬೇಕು ಎಂದೆ. ಅಧಿಕೃತ ಸರ್ವೀಸ್ ಕೇಂದ್ರಗಳು ಕಾರು ಬಂದಾಗಲೆಲ್ಲ ಮೀಟರಿನ ಅಂಕಿಯನ್ನು ಬಿಲ್ಲಿನಲ್ಲಿ ಬರೆಯುತ್ತವೆ. ಮಾರುವವರು ಕೊಟ್ಟ ಕಡತದಲ್ಲಿ 2017ರವರೆಗಿನ ಬಿಲ್ಲುಗಳು ಮಾತ್ರ ಇದ್ದವು. ಹುಡುಗ ಆರ್.ಸಿ.ಯ ಮಾಲೀಕರ ಮೂಲಕವೇ ಕೇಳಿಸಿ ಉಳಿದ ದಾಖಲೆ ತರಿಸಿದ. 2019ರ ಬಿಲ್ಲಿನಲ್ಲಿದ್ದ ಅಂಕಿ 54,000 ಕಿ.ಮೀ. ಚಿಕ್ಕ ಹುಡುಗರಿಗೂ ಗೊತ್ತು, ಮೀಟರು ಮುಂದಕ್ಕೆ ಓಡಬೇಕೇ ಹೊರತು ಹಿಂದಕ್ಕಲ್ಲ.

ಯಂತ್ರವಿಲ್ಲದೆಯೂ ಕೆಲವು ಗುರುತು ನೋಡಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. 20,000 ಕಿ.ಮೀ. ಓಡಿದೆ ಎನ್ನುವ ನಾಲ್ಕು ವರ್ಷದ ಕಾರಿಗೆ ಆಗಲೇ ಹೊಸ ಟೈರುಗಳು ಏಕೆ ಬೇಕಾದವು ಎಂದು ಕೇಳಿ. ಪೆಡಲಿನ ರಬ್ಬರು, ಸ್ಟಿಯರಿಂಗಿನ ಚರ್ಮ, ಚಾಲಕನ ಸೀಟಿನ ಅಂಚು ಎಷ್ಟು ಸವೆದಿವೆ ಎಂದು ನೋಡಿ. ಸ್ಪೋರ್ಟ್ಸ್ ಕಾರಾದ್ದರಿಂದ ಇನ್ನೊಂದು ಮಾತು. ಎಷ್ಟು ದೂರ ಓಡಿತು ಎನ್ನುವಷ್ಟೇ ಹೇಗೆ ಓಡಿತು ಎನ್ನುವುದೂ ಮುಖ್ಯ. ಪೋರ್ಷೆಯಂಥ ಕೆಲವು ಕಾರುಗಳ ಗಣಕ, ಎಂಜಿನ್ ಮಿತಿ ಮೀರಿ ಎಷ್ಟು ಬಾರಿ ತಿರುಗಿತು ಎಂಬ ಲೆಕ್ಕವನ್ನೂ ಇಡುತ್ತದೆ. ಕೊಳ್ಳುವ ಮುನ್ನ ಅದನ್ನು ಓದಿಸಬೇಕು.

ಅಯಸ್ಕಾಂತ, ತಂತಿ, ನೀರು

ಅಪಘಾತವಾದ ಕಾರನ್ನು ಗುರುತಿಸಲು ಹಳಬರು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಮೈಮೇಲೆ ಆಡಿಸುತ್ತಿದ್ದರು. ಜಜ್ಜಿದ ಜಾಗಕ್ಕೆ ಪುಟ್ಟಿ ಬಳಿದಿದ್ದರೆ ಅಯಸ್ಕಾಂತಕ್ಕೂ ಉಕ್ಕಿಗೂ ನಡುವೆ ದೂರ ಹೆಚ್ಚುತ್ತದೆ, ಹಿಡಿತ ಸಡಿಲವಾಗುತ್ತದೆ. ಉಪಾಯ ಒಳ್ಳೆಯದೇ. ಆದರೆ ಸ್ಪೋರ್ಟ್ಸ್ ಕಾರಿನಲ್ಲಿ ಇದು ದಾರಿ ತಪ್ಪಿಸಬಹುದು. ತೂಕ ಇಳಿಸಲು ಹಲವು ಸ್ಪೋರ್ಟ್ಸ್ ಕಾರುಗಳ ಬಾನೆಟ್ಟು, ಬಾಗಿಲುಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ. ಅದಕ್ಕೆ ಅಯಸ್ಕಾಂತ ಹಿಡಿಯುವುದೇ ಇಲ್ಲ! ಎರಡೂ ಲೋಹಗಳ ಮೇಲೆ ಬಣ್ಣದ ದಪ್ಪ ಅಳೆಯುವ ಚಿಕ್ಕ ಉಪಕರಣಗಳು ಸಿಗುತ್ತವೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಹೆಚ್ಚುಕಡಿಮೆ ಎರಡು ತಲೆಗೂದಲಿನ ದಪ್ಪ. ಒಂದು ಬಾಗಿಲಲ್ಲಿ 120, ಪಕ್ಕದ ಫೆಂಡರಿನಲ್ಲಿ 400 ಬಂದರೆ ಅಲ್ಲೇನೋ ನಡೆದಿದೆ.

ಬಣ್ಣ ಬಳಿದರೆ ಏನಾಯಿತು, ಚೆಂದ ಕಂಡರೆ ಸಾಲದೇ ಎನ್ನಬಹುದು. ಒಂದು ತುಂಡು ಬೈಂಡಿಂಗ್ ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿ, ನೇರ ಮಾಡಿ, ಮತ್ತೆ ಬಗ್ಗಿಸಿ. ಕೆಲವೇ ಸಲಕ್ಕೆ ಮುರಿಯುತ್ತದೆ. ಬಗ್ಗಿ ನೆಟ್ಟಗಾದ ಲೋಹ ಮೊದಲಿನ ಲೋಹವಲ್ಲ. ಕಾರಿನ ಮುಂಭಾಗವನ್ನು ಡಿಕ್ಕಿಯಲ್ಲಿ ತಾನು ಮುದುಡಿ ಒಳಗಿನವರನ್ನು ಉಳಿಸುವಂತೆ ಲೆಕ್ಕ ಹಾಕಿ ಮಾಡಿರುತ್ತಾರೆ. ಹೆಚ್ಚು ಬಲದ ಉಕ್ಕನ್ನು ಬೆಂಕಿಯಲ್ಲಿ ಕಾಯಿಸಿ ಬಡಿದು ನೆಟ್ಟಗೆ ಮಾಡಿದರೆ ಆ ಬಲ ಕುಗ್ಗುತ್ತದೆ. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು ಎಂದು ಪರೀಕ್ಷೆಯಲ್ಲಿ ಬರೆದಿದ್ದೀರಿ. ವೇಗಕ್ಕೆಂದೇ ಕೊಳ್ಳುವ ಕಾರಿನಲ್ಲಿ ಇದು ಅಂಕದ ಮಾತಲ್ಲ, ಪ್ರಾಣದ ಮಾತು.

ಇನ್ನು ನೀರು. 2015ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಕಡೆಯಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತದ್ದನ್ನು ಎಲ್ಲರೂ ನೋಡಿದ್ದೇವೆ. ಮುಳುಗಿದ ಕಾರುಗಳು ತೊಳೆದು ಒಣಗಿಸಿಕೊಂಡು ಬೇರೆ ಊರಿನ ಪೇಟೆಗೆ ಬರುವುದುಂಟು. ಗಾಳಿಯನ್ನು ಸಂಪೀಡಿಸಬಹುದು, ನೀರನ್ನು ಆ ರೀತಿ ಆಗದು. ಹಾಗಾಗಿ ನೀರು ಕುಡಿದ ಎಂಜಿನ್ನನ್ನು ಚಾಲೂ ಮಾಡಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಒಳಗೆ ಮಣ್ಣಿನ ಗೆರೆ ಇದೆಯೇ? ಸೀಟಿನ ಕೆಳಗಿನ ಸ್ಪ್ರಿಂಗು, ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ? ಕಾರ್ಪೆಟ್ಟಿನಡಿ ಮುಗ್ಗಲು ವಾಸನೆ, ಅದನ್ನು ಮುಚ್ಚಲು ವಿಪರೀತ ಸುಗಂಧ? ಬೆಲ್ಟಿನ ಕೊನೆಯನ್ನು ತೊಳೆಯುವುದು ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಹಣ ಕೊಡುವ ಮುನ್ನ, ಕೊಟ್ಟ ಮೇಲೆ

ಕಾರನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. "ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಗಾಡಿಯನ್ನು ಕಳಿಸಿಕೊಡುತ್ತೇನೆ, ಸಾಗಣೆ ಖರ್ಚು ಹಾಕಿ" ಎನ್ನುವುದು ಹಳೆಯ ವಂಚನೆ. ಸೈನಿಕರ ಮೇಲಿನ ನಮ್ಮ ಗೌರವವೇ ಅವರ ಬಂಡವಾಳ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ ಎಂದು ಮನೆಯವರಿಗೆಲ್ಲ ಹೇಳಿಕೊಡಿ. ಮೋಸ ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಬಿಡುತ್ತದೆ.

ಕೊಂಡ ಮೇಲೆ ಫಾರಂ 29, 30 ಕೊಟ್ಟು ಹೆಸರು ಬದಲಿಸಿಕೊಳ್ಳುವುದನ್ನು ನಾಳೆಗೆ ಹಾಕಬೇಡಿ. ಕೊಂಡವರಿಗೆ 30 ದಿನಗಳ ಗಡುವಿದೆ. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನ. ಮಾರುವವರೂ ಇದನ್ನು ಓದಬೇಕು. ನಾನು ಇಪ್ಪತ್ತು ವರ್ಷದ ಹಿಂದೆ ಹಳೆಯ ಸ್ಕೂಟರ್ ಮಾರಿದಾಗ ಖಾಲಿ ಫಾರಂಗಳಿಗೆ ಸಹಿ ಹಾಕಿ ಕೈ ತೊಳೆದುಕೊಂಡಿದ್ದೆ. ನಾಲ್ಕು ವರ್ಷದ ನಂತರ ನ್ಯಾಯಾಲಯದಿಂದ ನೋಟಿಸು ಬಂತು. ಸ್ಕೂಟರ್ ಕೈಯಿಂದ ಕೈಗೆ ಹೋಗಿ ಯಾರೋ ಅಪಘಾತ ಮಾಡಿದ್ದರು, ದಾಖಲೆಯಲ್ಲಿ ಮಾಲೀಕ ನಾನೇ! ಬಿ.ಎಸ್ಸಿ., ಬಿ.ಎಡ್. ಓದಿದ್ದರೂ ಒಂದು ಫಾರಂ ಓದಿರಲಿಲ್ಲ. ಪರಿಹಾರದ ವಿಚಾರದಲ್ಲಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹುಡುಗನ ಕಥೆಗೆ ಬರೋಣ. ಸಾಲದವರ ಹೆಸರು, ಸೊನ್ನೆ ಬೋನಸ್, 3,100 ಗಂಟೆ, 54,000 ಕಿ.ಮೀ. ಬಿಲ್ಲು. ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಮಾರುವವರ ಮುಂದಿಟ್ಟ. "ಹಳೇ ಗಾಡಿ ಅಂದ ಮೇಲೆ ಅಷ್ಟಿಷ್ಟು ಇರುತ್ತೆ" ಎಂದರಂತೆ. ಅವರೇ ಮೋಸಗಾರರು ಎಂದು ನಾನು ಹೇಳಲಾರೆ, ಅವರೂ ಯಾರಿಂದಲೋ ಮೋಸ ಹೋಗಿರಬಹುದು. ಹೇಳಿದ ಮಾತಿಗೂ ಸಾಕ್ಷಿಗಳಿಗೂ ತಾಳೆಯಾಗಲಿಲ್ಲ ಎನ್ನುವುದಷ್ಟೇ ಖಚಿತ. ಟೋಕನ್ ಹಣ ವಾಪಸು ಬರಲಿಲ್ಲ. ಬರವಣಿಗೆಯಲ್ಲಿ ಏನೂ ಮಾಡಿಕೊಳ್ಳದೆ ಕೊಟ್ಟಿದ್ದ.

ಮುಂದಿನ ವಾರ ಅವನ ತಂದೆ ಸಂತೆಯಲ್ಲಿ ಸಿಕ್ಕರು. "ಇಪ್ಪತ್ತೈದು ಸಾವಿರ ಹೋಯಿತು ಮೇಷ್ಟ್ರೇ" ಎಂದರು. ಸ್ವಲ್ಪ ತಡೆದು, "ಇಂಜಿನಿಯರಿಂಗಿಗೆ ಎಷ್ಟೋ ಫೀಸು ಕಟ್ಟಿದೆ, ಇದೊಂದು ಕಟ್ಟಿದೆ ಅಂದ್ಕೋತೀನಿ. ಆದರೆ ಅವನಿಗೆ ಕಾರು ಬೇಡ ಅಂತ ಮಾತ್ರ ನೀವು ಹೇಳಬೇಡಿ. ಹುಡುಗ ಸಣ್ಣವನಿದ್ದಾಗಿಂದ ಆಸೆಪಟ್ಟಿದ್ದಾನೆ" ಎಂದರು.

ನಾನು ಹಾಗೆ ಹೇಳಿಲ್ಲ. ಆಸೆ ತಪ್ಪಲ್ಲ, ಅವಸರ ತಪ್ಪು. ಹುಡುಗ ಈಗಲೂ ಜಾಹೀರಾತು ನೋಡುತ್ತಾನೆ. ಇಷ್ಟವಾದದ್ದು ಕಂಡರೆ ಮೊದಲು ಚಾಸಿ ಸಂಖ್ಯೆ ಕೇಳುತ್ತಾನೆ. ಅರ್ಧಕ್ಕರ್ಧ ಜನ ಅಲ್ಲಿಗೇ ಉತ್ತರ ಕೊಡುವುದನ್ನು ನಿಲ್ಲಿಸುತ್ತಾರಂತೆ.

ಈ ವಾರದ ಮನೆಗೆಲಸ

ಅಮೆರಿಕ ಮತ್ತು ಕೆನಡಾದ ಮಾರುಕಟ್ಟೆಗೆ ತಯಾರಾದ ಕಾರುಗಳಲ್ಲಿ ಹದಿನೇಳರ ಪೈಕಿ ಒಂಬತ್ತನೆಯದು ತಾಳೆ ಅಂಕಿ. (ನಮ್ಮ ದೇಶದ ಕಾರುಗಳಿಗೆ ಈ ನಿಯಮ ಹಚ್ಚಬೇಡಿ.) ಪ್ರತಿ ಸ್ಥಾನಕ್ಕೂ ಒಂದು ತೂಕವಿದೆ: 8, 7, 6, 5, 4, 3, 2, 10, 0, 9, 8, 7, 6, 5, 4, 3, 2. ಪ್ರತಿ ಅಂಕಿಯನ್ನು ಅದರ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, 11ರಿಂದ ಭಾಗಿಸಿದರೆ ಉಳಿಯುವ ಶೇಷವೇ ಒಂಬತ್ತನೆಯ ಅಂಕಿಯಾಗಿರಬೇಕು. ಶೇಷ 10 ಆದರೆ ಎಕ್ಸ್ ಎಂದು ಬರೆಯುತ್ತಾರೆ. ಅಕ್ಷರಗಳಿಗೂ ಬೆಲೆಗಳಿವೆ, ಸದ್ಯಕ್ಕೆ ಅವು ಬೇಡ.

ಹದಿನೇಳು ಸ್ಥಾನದಲ್ಲೂ 1 ಬರೆದು ಲೆಕ್ಕ ಮಾಡಿ. ಮೊತ್ತ 89, ಶೇಷ 1. ತಾಳೆಯಾಯಿತು! ಈಗ ಮೂರನೆಯ ಅಂಕಿಯನ್ನು 2 ಮಾಡಿ. ಮೊತ್ತ 95, ಶೇಷ 7. ತಪ್ಪು ಸಿಕ್ಕಿಬಿತ್ತು. ಈಗ ಮನೆಯಲ್ಲಿ ಅಪ್ಪ-ಅಮ್ಮನ ಜೊತೆ ಕೂತು ಒಂದು ಪ್ರಶ್ನೆ ಚರ್ಚಿಸಿ. ಹದಿನೇಳು ಒಂದುಗಳ ಸಂಖ್ಯೆ ಲೆಕ್ಕದಲ್ಲಿ ಸರಿಯಾಗಿದೆ. ಹಾಗೆಂದು ಆ ಹೆಸರಿನ ಕಾರು ರಸ್ತೆಯ ಮೇಲೆ ನಿಜವಾಗಿಯೂ ಇದೆ ಎಂದು ಒಪ್ಪಿಕೊಳ್ಳಬಹುದೇ? ಇಲ್ಲವಾದರೆ ಇನ್ನು ಯಾವ ಸಾಕ್ಷಿಗಳನ್ನು ಕೇಳುತ್ತೀರಿ? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊನೆಯ ಹಾಳೆಯಲ್ಲಿ ಬರೆದರೂ ಅಡ್ಡಿಯಿಲ್ಲ.